ಅಂಗಿಯ ಮೇಲಣ ಚಿತ್ರಮುದ್ರಣದಲ್ಲಿ ಛಾಯಾಲೋಪ

ಈಚೆಗೆ ಒಂದು ಸಾಹಿತ್ಯಗೋಷ್ಠಿಯ ಸ್ವಯಂಸೇವಕರಿಗಾಗಿ ಸಿದ್ಧಪಡಿಸಿದ ಬಿಳಿಯ ಅಂಗಿಗಳ ಮೇಲೆ ಹಿರಿಯ ಕವಿಯೊಬ್ಬರ ಭಾವಚಿತ್ರವನ್ನು ಮುದ್ರಿಸಲಾಗಿತ್ತು. ಮೂಲಚಿತ್ರದಲ್ಲಿ ಕೆನ್ನೆಯ ನೆರಳು ಮೆಲ್ಲಮೆಲ್ಲನೆ ಹಣೆಯ ಬೆಳಕಿನಲ್ಲಿ ಲೀನವಾಗಿದ್ದಿತು. ಅಂಗಿಯ ಮೇಲಾದರೋ ಆ ನೆರಳು ಕತ್ತರಿಸಿದಂತೆ ನಡುವೆಯೇ ನಿಂತು, ಹಣೆಯು ಬರಿಯ ಬಟ್ಟೆಯಾಗಿ, ಕಣ್ಣುಗಳು ಕಪ್ಪು ಕುಳಿಗಳಾಗಿದ್ದುವು. ಕವಿಯನ್ನು ಕಂಡು ಬಲ್ಲವರೂ ಗುರುತಿಸಲಾರದೆ ಹೋದರು. ದೋಷವನ್ನು ಕೆಲಸಗಾರನ ಮೇಲೆ ಹೊರಿಸುವುದು ಸುಲಭ. ಅದರ ಮೂಲವನ್ನು ಶೋಧಿಸುವುದೇ ನ್ಯಾಯ.

ಸ್ಕ್ರೀನಿನ ಮೂಲಕ ಇಳಿಯುವ ಮಸಿಗೆ ಗಾಢ, ತೆಳು ಎಂಬ ಭೇದವಿಲ್ಲ. ಅದು ಬೀಳುವುದು, ಇಲ್ಲವೆ ಬೀಳದಿರುವುದು. ಆದಕಾರಣ ನಡುವಣ ಛಾಯೆಗಳನ್ನು ತೋರಿಸಲು ಚಿತ್ರವನ್ನು ಸಣ್ಣ ದೊಡ್ಡ ಚುಕ್ಕೆಗಳನ್ನಾಗಿ ಒಡೆಯಬೇಕಾಗುತ್ತದೆ. ಇದೇ ಹಾಫ್‌ಟೋನ್. ಜರ್ಮನಿಯ ಮೈಸನ್‌ಬಾಖ್ ಎಂಬಾತನು ೧೮೮೨ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ನಮ್ಮ ದೇಶದಲ್ಲಿ ಕಲ್ಕತ್ತೆಯ ಉಪೇಂದ್ರಕಿಶೋರ ರಾಯ್‌ಚೌಧುರಿಯವರು ಇದರ ತತ್ತ್ವವನ್ನು ಆಳವಾಗಿ ಪರಿಶೋಧಿಸಿದರು. ರೇಷ್ಮೆಯ ತೆರೆಯ ಮೂಲಕ ಮುದ್ರಿಸುವ ಕ್ರಮಕ್ಕೆ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ನನು ೧೯೦೭ರಲ್ಲಿ ಪೇಟೆಂಟ್ ಪಡೆದನು. ಈ ಎರಡು ಕ್ರಮಗಳೂ ಸೇರುವಲ್ಲಿಯೇ ನಮ್ಮ ಕಷ್ಟವಿರುವುದು.

ಗ್ರಂಥಸಂಪಾದಕರು ಅಪಪಾಠವು ಮೊದಲು ಯಾವ ಪ್ರತಿಯಲ್ಲಿ ತೋರಿತೆಂದು ಅರಸುವಂತೆ, ಇಲ್ಲಿಯೂ ಚುಕ್ಕೆಯು ಎಲ್ಲಿ ಕಳೆದುಹೋಯಿತೆಂಬುದನ್ನು ಭೂತಗನ್ನಡಿ ಹಿಡಿದು ಕ್ರಮವಾಗಿ ನೋಡತಕ್ಕದ್ದು.

ಮೊದಲನೆಯದು ಫಿಲ್ಮು. ಅದರ ಚುಕ್ಕೆಗಳು ದಟ್ಟವಾದ ಕಪ್ಪಾಗಿರಬೇಕು. ಹಳೆಯ ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನೇ ಮೂಲವಾಗಿ ಕೊಟ್ಟರೆ, ಅದರಲ್ಲಿ ಮೊದಲೇ ಇರುವ ಚುಕ್ಕೆಗಳೂ ಹೊಸ ಚುಕ್ಕೆಗಳೂ ಕಲೆತು ಅಲೆಯಂತಹ ಕಲೆಗಳು ಏಳುತ್ತವೆ.

ಎರಡನೆಯದು ಸ್ಕ್ರೀನು. ಅಂಗುಲಕ್ಕೆ ೪೫ ಸಾಲು ಚುಕ್ಕೆಗಳಿದ್ದರೆ, ನೂರರಲ್ಲಿ ಐದು ಭಾಗದ ಛಾಯೆಯ ಚುಕ್ಕೆಯು ಸುಮಾರು ೦.೧೪ ಮಿಲಿಮೀಟರ್ ಅಗಲವಾಗುತ್ತದೆ. ಅಂಗುಲಕ್ಕೆ ೧೧೦ ಎಳೆಯ ಮೆಶ್‌ನಲ್ಲಿ ಎಳೆಯಿಂದ ಎಳೆಗೆ ದೂರ ೦.೨೩ ಮಿಲಿಮೀಟರ್, ಆದುದರಿಂದ ಆ ಚುಕ್ಕೆಯಲ್ಲಿ ಬಹುಭಾಗವು ಎಳೆಯ ಮೇಲೆಯೇ ಬಿದ್ದು ಮಸಿಗೆ ದಾರಿಯಿಲ್ಲದಂತಾಗಬಹುದು. ೨೩೦ ಎಳೆಯದರಲ್ಲಿ ಈ ದೂರವು ೦.೧೧ ಮಾತ್ರ, ಚುಕ್ಕೆಯು ನಿಲ್ಲುತ್ತದೆ. ಸಾಲುಗಳ ನಾಲ್ಕೈದು ಪಾಲು ಎಳೆಗಳಿರಬೇಕೆಂಬ ವಾಡಿಕೆಗೆ ಇದೇ ಕಾರಣ. ಮೆಶ್ ಸರಿಯಾಗಿದ್ದೂ ಚುಕ್ಕೆಗಳು ತೆರೆಯದಿದ್ದರೆ, ಎಮಲ್ಷನ್ನಿಗೆ ಬೆಳಕು ಹೆಚ್ಚಾಯಿತೆಂದೋ, ಫಿಲ್ಮು ಬಿಗಿಯಾಗಿ ಅಂಟಿಕೊಳ್ಳದೆ ಬೆಳಕು ಚುಕ್ಕೆಯ ಅಡಿಗೆ ನುಸುಳಿತೆಂದೋ ತಿಳಿಯಬೇಕು. ಬೆಳಕು ಕಡಿಮೆಯಾದರೆ ಇದಕ್ಕೆ ವಿಪರೀತ: ಗಾಢಭಾಗದ ಎಮಲ್ಷನ್ ಕಣಗಳು ನೀರಿನಲ್ಲಿ ತೊಳೆದುಹೋಗಿ ನೆರಳೆಲ್ಲ ಒಂದಾಗುತ್ತದೆ.

ಮೂರನೆಯದು ಮುದ್ರಣ. ಸ್ಕ್ರೀನಿನಲ್ಲಿ ಚುಕ್ಕೆಯಿದ್ದು ಅಂಗಿಯಲ್ಲಿ ಇಲ್ಲವಾದರೆ, ಮಸಿಯು ರಂಧ್ರದಲ್ಲಿ ಒಣಗಿರಬೇಕು. ನೀರಿನ ಮಸಿಯಲ್ಲಿ ಇದು ಹೆಚ್ಚು. ಅಂಗಿಯಲ್ಲಿ ಚುಕ್ಕೆಯು ಉಬ್ಬಿದ್ದರೆ ಸ್ಕ್ವೀಜಿಯ ಒತ್ತಡವನ್ನು ತಗ್ಗಿಸತಕ್ಕದ್ದು.

ನಮ್ಮ ಪ್ರಸಂಗದಲ್ಲಿ ಫಿಲ್ಮು ನಿರ್ದುಷ್ಟವಾಗಿದ್ದಿತು. ಮೆಶ್ ಒರಟಾಗಿದ್ದುದರಿಂದ ಹಣೆಯು ಅಳಿದಿದ್ದಿತು. ಆ ಕೊರತೆಯನ್ನು ತುಂಬಲೆಂದು ಸ್ಕ್ವೀಜಿಯನ್ನು ಬಲವಾಗಿ ಒತ್ತಿದುದರಿಂದ ಕಣ್ಣುಗಳು ಮುಚ್ಚಿಹೋಗಿದ್ದುವು. ಒಂದು ತಪ್ಪಿನ ಚಿಕಿತ್ಸೆಯೇ ಎರಡನೆಯ ತಪ್ಪಾಯಿತು.

ಆದುದರಿಂದ ಚಿತ್ರಕ್ಕೆ ಮೊದಲು, ಐದರಿಂದ ತೊಂಬತ್ತೈದರವರೆಗಿನ ಛಾಯೆಗಳ ಪಟ್ಟಿಯೊಂದನ್ನು ಅದೇ ಬಟ್ಟೆಯ ಮೇಲೆ ಮುದ್ರಿಸಿ ನೋಡುವುದು ಉತ್ತಮ. ಯಾವ ಚುಕ್ಕೆ ಉಳಿಯುವುದೋ, ಯಾವುದು ಉಬ್ಬುವುದೋ ಅದು ತಿಳಿಸುತ್ತದೆ. ಅದಕ್ಕನುಗುಣವಾಗಿ ಫಿಲ್ಮನ್ನು ತಿದ್ದಬಹುದು. ಒಂದು ಅಂಗಿಯಷ್ಟು ವೆಚ್ಚದಲ್ಲಿ ಒಬ್ಬರ ಮುಖವು ಉಳಿಯುವುದು.