ಆಫೀಸಲ್ಲಿ ಬಾಯಿಬಿಟ್ಟರೆ?

ಅಮೆರಿಕದಲ್ಲಿ ಏನು ಬೇಕಾದರೂ ಮಾತಾಡಬಹುದು ಅಂತೀರಾ? ಸ್ವಲ್ಪ ತಡೀರಿ. ಮಾತಿನ ಸ್ವಾತಂತ್ರ್ಯ ಕಾಯುವ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕೋದು ಸರ್ಕಾರದ ಕೈಯನ್ನು, ಖಾಸಗಿ ಕಂಪನಿಯದ್ದನ್ನಲ್ಲ.

2017ರಲ್ಲಿ ಗೂಗಲ್ ಎಂಜಿನಿಯರ್ ಜೇಮ್ಸ್ ಡಮೋರ್, ಟೆಕ್ ಕೆಲಸದಲ್ಲಿ ಹೆಣ್ಣುಮಕ್ಕಳು ಕಡಿಮೆ ಇರೋದಕ್ಕೆ ಜೈವಿಕ ವ್ಯತ್ಯಾಸವೂ ಒಂದು ಕಾರಣ ಅಂತ ಹತ್ತು ಪುಟ ಬರೆದ. ಕೆಲಸ ಹೋಯ್ತು. ವಜಾ ಮಾಡಿದ್ದು ಕಾನೂನುಬಾಹಿರವಲ್ಲ ಅಂತ ಕಾರ್ಮಿಕ ಮಂಡಳಿಯ ವಕೀಲರೂ ಹೇಳಿದರು.

ಅವನು ಅಲ್ಲಿಯವನೇ, ಬಿಡಿ. ಎಚ್-1ಬಿ ಕೆಲಸದ ವೀಸಾದಲ್ಲಿರುವ ನಮ್ಮ ಹುಡುಗರ ಪಾಡು ಬೇರೆ. ಕೆಲಸ ಹೋದರೆ ಕೈಯಲ್ಲಿ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕದಿದ್ದರೆ ಸಾಮಾನ್ಯವಾಗಿ ಗಂಟುಮೂಟೆ ಕಟ್ಟೋದೇ.

ಹಾಗಂತ ಅನ್ಯಾಯ ನುಂಗಬೇಕಿಲ್ಲ. ಬಣ್ಣ, ಧರ್ಮ, ಲಿಂಗ, ಹುಟ್ಟಿದ ದೇಶ ನೋಡಿ ತಾರತಮ್ಯ ಮಾಡಿದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ, ವೀಸಾದವರಿಗೂ. ದೂರಿಗೆ ಗಡುವು 180 ದಿನ, ಹಲವು ರಾಜ್ಯಗಳಲ್ಲಿ 300. ತಾರತಮ್ಯ ನಡೆದ ತಾರೀಖು ಬರೆದಿಟ್ಟುಕೊಳ್ಳಿ.