ಇನ್ನರ್ಧದ ಲೆಕ್ಕ

2020ರ ಆಗಸ್ಟ್ 7ರಂದು ಕೆನಡಾದ ಎಡ್ಮಂಟನ್ ನಗರದ ರೋಜರ್ಸ್ ಪ್ಲೇಸ್ ಕ್ರೀಡಾಂಗಣದಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಕೋವಿಡ್ ಕಾರಣಕ್ಕೆ ಆಟಗಾರರನ್ನು ಹೊರಜಗತ್ತಿನಿಂದ ಬೇರೆಯಿರಿಸಿ, ಖಾಲಿ ಕುರ್ಚಿಗಳ ನಡುವೆ ನ್ಯಾಷನಲ್ ಹಾಕಿ ಲೀಗಿನ ಪಂದ್ಯಗಳನ್ನು ಆಡಿಸುತ್ತಿದ್ದ ಕಾಲ. ತವರಿನ ತಂಡ ಎಡ್ಮಂಟನ್ ಆಯಿಲರ್ಸ್ ಅಂದು ಷಿಕಾಗೋ ಬ್ಲ್ಯಾಕ್‌ಹಾಕ್ಸ್ ಎದುರು ಸೋತು ಟೂರ್ನಿಯಿಂದ ಹೊರಬಿತ್ತು. ಆದರೆ ಆ ಪಂದ್ಯಕ್ಕಾಗಿ ಆಲ್ಬರ್ಟಾ ಪ್ರಾಂತ್ಯದ ಜನ ಮನೆಯಲ್ಲೇ ಕುಳಿತು ಫೋನಿನಲ್ಲಿ ಕೊಂಡ, ಲಾಟರಿಯಂಥ ರ‍್ಯಾಫಲ್ ಟಿಕೆಟ್ಟುಗಳ ಮೊತ್ತ ಒಂದೂವರೆ ಕೋಟಿ ಕೆನಡಾ ಡಾಲರನ್ನು ದಾಟಿತು. ಕೊಳ್ಳುವವರ ನೂಕುನುಗ್ಗಲನ್ನು ತಾಳಲಾರದೆ ಮಾರಾಟದ ವ್ಯವಸ್ಥೆಯೇ ತತ್ತರಿಸಿತು. ಡ್ರಾ ತಡವಾಯಿತು, ತೊಂದರೆಗೆ ಸಿಕ್ಕವರಿಗೆ ಹಣ ಹಿಂದಿರುಗಿಸುವ ಏರ್ಪಾಡು ಮಾಡಬೇಕಾಯಿತು. ಕೊನೆಗೆ 75 ಲಕ್ಷ ಡಾಲರಿಗೂ ಹೆಚ್ಚು ಹಣ ಒಂದೇ ಒಂದು ಸಂಖ್ಯೆಗೆ ಒಲಿಯಿತು. ಅಷ್ಟೇ ದೊಡ್ಡ ಇನ್ನೊಂದು ಪಾಲು ಆಯಿಲರ್ಸ್ ತಂಡದ ಸಮುದಾಯ ಪ್ರತಿಷ್ಠಾನದ ಕಡೆಗೆ ಹೋಯಿತು.

ಗೆದ್ದ ಅರ್ಧದ ಸುದ್ದಿ ಊರೆಲ್ಲ ಹಬ್ಬುತ್ತದೆ. ಇನ್ನರ್ಧದ ಬಗ್ಗೆ ಜನರಿಗೆ ಗೊತ್ತಿರುವುದು ‘ಒಳ್ಳೆಯ ಕೆಲಸಕ್ಕೆ ಹೋಗುತ್ತದೆ’ ಎಂಬಷ್ಟೇ. ಈ ಲೇಖನ ಆ ಇನ್ನರ್ಧದ ಕುರಿತಾದದ್ದು.

ಹಾಕಿ ಎಂದರೆ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಮಂಜುಗಡ್ಡೆಯ ಮೇಲಿನ ಹಾಕಿ. ನ್ಯಾಷನಲ್ ಹಾಕಿ ಲೀಗಿನಲ್ಲಿ 32 ತಂಡಗಳಿವೆ. ಏಳು ಕೆನಡಾದವು, ಉಳಿದವು ಅಮೆರಿಕದವು. ಪಂದ್ಯ ತಲಾ ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ, ನಡುವೆ ಎರಡು ವಿರಾಮಗಳು. ಬಾಗಿಲು ತೆರೆದ ಹೊತ್ತಿನಿಂದಲೇ ಬಣ್ಣದ ಅಂಗಿ ತೊಟ್ಟ ಮಾರಾಟಗಾರರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಮೆಟ್ಟಿಲುಗಳಲ್ಲಿ ಓಡಾಡುತ್ತಾರೆ. ಹಣ ಕೊಟ್ಟರೆ ನಮ್ಮ ಬಸ್ ಟಿಕೆಟ್ಟಿನಂಥ ಚೀಟಿ ಹೊರಬರುತ್ತದೆ, ಅದರ ಮೇಲೆ ಸಾಲು ಸಾಲು ಸಂಖ್ಯೆಗಳು. ದೊಡ್ಡ ಪರದೆಯಲ್ಲಿ ಗಂಟಿನ, ಅಂದರೆ ಒಟ್ಟು ಮಾರಾಟದ, ಮೊತ್ತ ಕ್ಷಣಕ್ಷಣಕ್ಕೂ ಏರುತ್ತಿರುತ್ತದೆ. ಸಾಮಾನ್ಯವಾಗಿ ಎರಡನೆಯ ವಿರಾಮದ ಹೊತ್ತಿಗೆ ಅಥವಾ ಅದರ ಆಸುಪಾಸಿನಲ್ಲಿ ಮಾರಾಟ ಮುಗಿಯುತ್ತದೆ, ಮೂರನೆಯ ಅವಧಿಯಲ್ಲಿ ಗೆದ್ದ ಸಂಖ್ಯೆ ಪರದೆಗೆ ಬರುತ್ತದೆ. ಗಂಟಿನ ಅರ್ಧ ಗೆದ್ದವರಿಗೆ, ಅರ್ಧ ಧರ್ಮಕ್ಕೆ ಎಂಬ ಇದನ್ನು ಎಲ್ಲರೂ ಫಿಫ್ಟಿ-ಫಿಫ್ಟಿ ಎಂದೇ ಕರೆಯುತ್ತಾರೆ. ಹಳ್ಳಿಯ ಪುಟ್ಟ ಮಂಜುಗಡ್ಡೆಯ ಅಂಗಳದಲ್ಲಿ, ಅಂದರೆ ರಿಂಕಿನಲ್ಲಿ, ಎಳೆಯರ ತಂಡದ ತಾಯಂದಿರು ಕಾಗದದ ಟಿಕೆಟ್ ಸುರುಳಿ ಹಿಡಿದು ನಡೆಸುವ ಫಿಫ್ಟಿ-ಫಿಫ್ಟಿಯೂ ಉಂಟು. ವೃತ್ತಿಪರ ತಂಡಗಳು ಎತ್ತಿಕೊಂಡು ಬೆಳೆಸಿದ್ದು ಅದೇ ಆಟವನ್ನು.

ಮೊದಲು ತಿಳಿಯಬೇಕಾದದ್ದು, ಈ ಚೀಟಿಯನ್ನು ತಂಡ ಮಾರುವುದಿಲ್ಲ, ಮಾರುವಂತೆಯೂ ಇಲ್ಲ. ಕೆನಡಾದಲ್ಲಿ ಲಾಟರಿ 1969ರವರೆಗೆ ಬಹುಮಟ್ಟಿಗೆ ಅಪರಾಧವೇ ಆಗಿತ್ತು. ಆ ವರ್ಷದ ತಿದ್ದುಪಡಿ ಬಾಗಿಲು ತೆರೆಯಿತು. ಇಂದಿಗೂ ದಂಡಸಂಹಿತೆಯ 207ನೆಯ ಕಲಮು ಹೇಳುವುದು ಇಷ್ಟು: ದತ್ತಿ ಅಥವಾ ಧಾರ್ಮಿಕ ಸಂಸ್ಥೆ ಪ್ರಾಂತ್ಯದ ಪರವಾನಗಿ ಪಡೆದು ಲಾಟರಿ ನಡೆಸಬಹುದು, ಬಂದ ಹಣ ದತ್ತಿ ಅಥವಾ ಧಾರ್ಮಿಕ ಉದ್ದೇಶಕ್ಕೇ ಹೋಗಬೇಕು. ಹಾಕಿ ತಂಡ ಲಾಭಕ್ಕಾಗಿ ನಡೆಯುವ ಕಂಪನಿ. ಆದ್ದರಿಂದ ತಂಡದ ಹೆಸರಿನ ಪ್ರತಿಷ್ಠಾನವೊಂದು ಬೇಕು, ಪರವಾನಗಿ ಅದರ ಹೆಸರಿಗೆ ಬರಬೇಕು. ಆಲ್ಬರ್ಟಾದಲ್ಲಿ ಜೂಜು, ಮದ್ಯ ಮತ್ತು ಗಾಂಜಾವನ್ನು ಒಟ್ಟಿಗೆ ನೋಡಿಕೊಳ್ಳುವ ಪ್ರಾಂತೀಯ ಸಂಸ್ಥೆಯೇ ಈ ಪರವಾನಗಿ ಕೊಡುತ್ತದೆ. ಟಿಕೆಟ್ ಮಾರಲು, ಗೆದ್ದವರನ್ನು ಆರಿಸಲು ಕಂಪ್ಯೂಟರ್ ಬಳಸಲು ದತ್ತಿ ಸಂಸ್ಥೆಗಳಿಗೆ ಸಂಸತ್ತು ಅನುಮತಿ ಕೊಟ್ಟದ್ದು 2014ರಲ್ಲಿ. ಆರು ವರ್ಷದ ಬಳಿಕ ಎಡ್ಮಂಟನ್ನಿನ ಗಂಟು ಅಷ್ಟು ಎತ್ತರಕ್ಕೆ ಬೆಳೆದದ್ದರ ಹಿಂದೆ ಈ ಬದಲಾವಣೆಯ ಪಾಲು ದೊಡ್ಡದು.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ರ‍್ಯಾಫಲ್ ಹಣದ ಶೇ 90ರಷ್ಟು ಧರ್ಮಕಾರ್ಯಕ್ಕೇ ಹೋಗಬೇಕೆಂಬ ನಿಯಮವಿತ್ತು. ಅಂದರೆ ಅರ್ಧಕ್ಕರ್ಧ ಹಂಚುವ ಆಟ ಅಲ್ಲಿ ಸಾಧ್ಯವೇ ಇರಲಿಲ್ಲ. ಸ್ಯಾನ್ ಹೋಸೆ, ಲಾಸ್ ಏಂಜಲೀಸ್, ಅನಾಹೈಮ್ ಮೂರೂ ಕಡೆ ಹಾಕಿ ತಂಡಗಳಿದ್ದವು. 2015ರಲ್ಲಿ ಆ ರಾಜ್ಯ ವೃತ್ತಿಪರ ಕ್ರೀಡಾ ತಂಡಗಳ ಪ್ರತಿಷ್ಠಾನಗಳಿಗಾಗಿಯೇ ಬೇರೆ ಕಾನೂನು ಮಾಡಿ ಧರ್ಮದ ಪಾಲನ್ನು ಅರ್ಧಕ್ಕಿಳಿಸಿತು. ಸಣ್ಣ ಶಾಲೆಯೋ ಅನಾಥಾಲಯವೋ ರ‍್ಯಾಫಲ್ ನಡೆಸಿದರೆ ಇಂದಿಗೂ ಶೇ 90ರ ನಿಯಮವೇ. ಅದೇ ವರ್ಷ ನವೆಂಬರಿನಲ್ಲಿ ಟೆಕ್ಸಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ದತ್ತಿ ರ‍್ಯಾಫಲಿನಲ್ಲಿ ಬಹುಮಾನವಾಗಿ ನಗದು ಕೊಡುವಂತಿರಲಿಲ್ಲ. ತಂಡಗಳ ಪ್ರತಿಷ್ಠಾನಗಳಿಗೆ ಅವಕಾಶ ಕೊಡಲು ರಾಜ್ಯದ ಸಂವಿಧಾನವನ್ನೇ ತಿದ್ದಬೇಕಾಯಿತು, ಮತದಾರರು ಒಪ್ಪಿದರು. ಲಾಸ್ ವೇಗಸ್‌ನ ಗೋಲ್ಡನ್ ನೈಟ್ಸ್ ತಂಡದವರದು ಇನ್ನೊಂದು ಬಗೆ. ಅವರ ರ‍್ಯಾಫಲಿನ ಹೆಸರೇ 51/49. ಧರ್ಮದ ಪಾಲು 51, ಗೆದ್ದವರ ಪಾಲು 49.

ಇಷ್ಟೆಲ್ಲ ಕಾನೂನು ಕಟ್ಟಿಕೊಂಡ ಮೇಲೂ ಇನ್ನರ್ಧದ ನಿಜವಾದ ಕಥೆ ಇರುವುದು ಖರ್ಚಿನಲ್ಲಿ. ಗೆದ್ದವರ ಅರ್ಧವನ್ನು ಒಟ್ಟು ಮಾರಾಟದ ಮೇಲೆ ಲೆಕ್ಕ ಹಾಕುತ್ತಾರೆ, ಅದರಿಂದ ಒಂದು ಪೈಸೆಯನ್ನೂ ಕಳೆಯುವುದಿಲ್ಲ. ಯಂತ್ರ ಮತ್ತು ಸಾಫ್ಟ್‌ವೇರ್ ಒದಗಿಸುವ ಕಂಪನಿಯ ಶುಲ್ಕ, ಪರವಾನಗಿ ಶುಲ್ಕ, ಮಾರುವವರಿಗೆ ಸಂಬಳವಿದ್ದರೆ ಅದು, ಕಾರ್ಡಿನಲ್ಲಿ ಹಣ ಪಡೆದದ್ದಕ್ಕೆ ಬ್ಯಾಂಕಿನ ಕಡಿತ, ಜಾಹೀರಾತು, ಇವೆಲ್ಲ ಬಹಳಷ್ಟು ಕಡೆ ಧರ್ಮದ ಅರ್ಧದಿಂದಲೇ ಹೋಗುತ್ತವೆ. ಕ್ಯಾಲಿಫೋರ್ನಿಯಾದಂತೆ ಧರ್ಮದ ಅರ್ಧವನ್ನೂ ಒಟ್ಟು ಮಾರಾಟದ ಮೇಲೆಯೇ ಕಾನೂನು ಗೊತ್ತುಮಾಡಿದ ಕಡೆ ಖರ್ಚಿಗೆ ಬೇರೆ ದಾರಿ ಹುಡುಕಬೇಕಾಗುತ್ತದೆ. ನನಗೆ ಅದೇ ಸರಿಯಾದ ಕ್ರಮ ಅನ್ನಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಯಾವ ತಂಡದ ಅಂಕಿಯೂ ಅಲ್ಲ, ತಿಳಿಯಲಿಕ್ಕಾಗಿ ನಾನೇ ಇಟ್ಟುಕೊಂಡದ್ದು. ಒಂದು ರಾತ್ರಿ ಒಂದು ಲಕ್ಷ ಡಾಲರಿನ ಟಿಕೆಟ್ ಮಾರಾಟವಾಯಿತು. ಐವತ್ತು ಸಾವಿರ ಗೆದ್ದವರಿಗೆ. ಉಳಿದ ಐವತ್ತರಲ್ಲಿ ಹನ್ನೆರಡು ಸಾವಿರ ಖರ್ಚಿಗೆ ಹೋಯಿತು ಎಂದಿಟ್ಟುಕೊಳ್ಳಿ. ಮೂವತ್ತೆಂಟು ಸಾವಿರ ಉಳಿಯಿತು. ಆ ರಾತ್ರಿಯ ಅತಿಥಿಯಾಗಿ ಬಂದ ಸ್ಥಳೀಯ ಸಂಸ್ಥೆಯೊಂದಕ್ಕೆ ಅದರಲ್ಲಿ ಅರ್ಧ ಕೊಡುವ ಒಪ್ಪಂದವಿದ್ದರೆ ಅವರ ಕೈಸೇರುವುದು ಹತ್ತೊಂಬತ್ತು ಸಾವಿರ. ‘ಅರ್ಧ ಧರ್ಮಕ್ಕೆ’ ಎಂದು ನಂಬಿ ಡಾಲರ್ ಕೊಟ್ಟವರ ಹಣದಲ್ಲಿ ಹತ್ತೊಂಬತ್ತು ಸೆಂಟು ಆ ಸಂಸ್ಥೆಗೆ, ಹತ್ತೊಂಬತ್ತು ತಂಡದ ಪ್ರತಿಷ್ಠಾನಕ್ಕೆ. ಇದರಲ್ಲಿ ಮೋಸವಿಲ್ಲ. ಆದರೆ ಚೀಟಿ ಕೊಳ್ಳುವವರ ಮನಸ್ಸಿನಲ್ಲಿರುವ ಚಿತ್ರಕ್ಕೂ ಇದಕ್ಕೂ ಅಂತರವಿದೆ, ಆ ಅಂತರವನ್ನು ಹೇಳಬೇಕಾದವರು ಹೇಳಬೇಕು.

ಈ ಎರಡನೆಯ ಹಂಚಿಕೆ ಎಲ್ಲ ಕಡೆ ಒಂದೇ ರೀತಿ ಇಲ್ಲ. ಕೆಲವು ಕಡೆ ಎಲ್ಲವೂ ಮೊದಲು ಪ್ರತಿಷ್ಠಾನಕ್ಕೆ ಸೇರುತ್ತದೆ, ಆಮೇಲೆ ಅರ್ಜಿ ಹಾಕಿದ ಸಂಸ್ಥೆಗಳಿಗೆ ಅನುದಾನವಾಗಿ ಹರಿಯುತ್ತದೆ. ಕೆಲವು ಕಡೆ ಪಂದ್ಯಕ್ಕೊಂದು ಸಂಸ್ಥೆಯನ್ನು ಪಾಲುದಾರನಾಗಿ ಹೆಸರಿಸುತ್ತಾರೆ, ಅದರ ಸ್ವಯಂಸೇವಕರೇ ಬಂದು ಟಿಕೆಟ್ ಮಾರುತ್ತಾರೆ, ಅವರ ದುಡಿಮೆಗೆ ತಕ್ಕ ಪಾಲು ಅವರ ಸಂಸ್ಥೆಗೆ. ನನ್ನ ಒಲವು ಎರಡನೆಯದರ ಕಡೆಗೆ. ತಮ್ಮ ಊರಿನ ಆಹಾರ ದಾಸೋಹಕ್ಕೋ ಅಂಗವಿಕಲ ಮಕ್ಕಳ ಶಾಲೆಗೋ ಸಂಜೆಯೆಲ್ಲ ಮೆಟ್ಟಿಲು ಹತ್ತಿಳಿದು ಚೀಟಿ ಮಾರಿದವರಿಗೆ ಆ ರಾತ್ರಿಯೇ ಮೊತ್ತ ಗೊತ್ತಾಗುತ್ತದೆ, ಕೊಂಡವರಿಗೆ ಆ ಸಂಸ್ಥೆಯ ಮುಖ ಕಂಡಿರುತ್ತದೆ. ಮೊದಲನೆಯ ಕ್ರಮದಲ್ಲೂ ಒಳ್ಳೆಯದಿದೆ. ವರ್ಷಾನುಗಟ್ಟಲೆ ಹಣ ಬೇಡುವ ದೊಡ್ಡ ಕೆಲಸವನ್ನು ಒಂದು ಸಂಜೆಯ ಪಾಲಿನಿಂದ ನಡೆಸಲಾಗದು.

ಅಂಥ ಕೆಲಸಗಳನ್ನು ನೋಡಿದರೆ ಮನಸ್ಸು ತುಂಬುತ್ತದೆ. ವ್ಯಾಂಕೂವರಿನಲ್ಲಿ 1995ರಲ್ಲಿ ಬಾಗಿಲು ತೆರೆದ ಕನಕ್ ಪ್ಲೇಸ್, ಗುಣವಾಗದ ಕಾಯಿಲೆಯ ಮಕ್ಕಳಿಗಾಗಿ ಉತ್ತರ ಅಮೆರಿಕದಲ್ಲೇ ಮೊದಲು ಸ್ವತಂತ್ರವಾಗಿ ನಿಂತ ಆರೈಕೆ ಮನೆ. ಅಲ್ಲಿನ ಕನಕ್ಸ್ ತಂಡದ ಮಕ್ಕಳ ನಿಧಿ ಅದರ ಬೆನ್ನಿಗೆ ನಿಂತಿದೆ. ಮಾಂಟ್ರಿಯಲ್ ಕೆನಡಿಯನ್ಸ್ ತಂಡದ ಮಕ್ಕಳ ಪ್ರತಿಷ್ಠಾನ ಬಡ ಬಡಾವಣೆಗಳಲ್ಲಿ ತೆರೆದ ಬಯಲಿನಲ್ಲೇ ಮಂಜುಗಡ್ಡೆ ಕಾಪಾಡುವ ರಿಂಕುಗಳನ್ನು ಕಟ್ಟಿಸಿದೆ. ವಿನಿಪೆಗ್‌ನಲ್ಲಿ ಶಾಲಾಮಕ್ಕಳಿಗೆ ಮನಸ್ಸಿನ ಆರೋಗ್ಯದ ಪಾಠ ಹೇಳುವ ಪ್ರಾಜೆಕ್ಟ್ 11 ಇದೆ. ಖಿನ್ನತೆಯೊಡನೆ ಹೋರಾಡಿ 2011ರಲ್ಲಿ, 27ರ ಹರೆಯದಲ್ಲಿ ತೀರಿಕೊಂಡ ಆಟಗಾರ ರಿಕ್ ರಿಪಿಯೆನ್ ಅವರ ನೆನಪಿಗೆ ಹುಟ್ಟಿದ್ದು ಅದು. ಅವರ ಅಂಗಿಯ ಸಂಖ್ಯೆಯೇ ಯೋಜನೆಯ ಹೆಸರಾಯಿತು.

ಆದರೆ ಪ್ರತಿಷ್ಠಾನ ತಂಡದ ನೆರಳಿನಲ್ಲಿ ಬದುಕುತ್ತದೆ ಎಂಬುದನ್ನು ಮರೆಯಬಾರದು. ಒಟ್ಟಾವಾದಲ್ಲಿ ಇದು ಕಣ್ಣೆದುರೇ ನಡೆಯಿತು. ಸೆನೆಟರ್ಸ್ ತಂಡದ ಹೆಸರಿನ ಪ್ರತಿಷ್ಠಾನ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದಿತ್ತು. ತರಬೇತುದಾರ ರೋಜರ್ ನೀಲ್ಸನ್ ಅವರ ಹೆಸರಿನಲ್ಲಿ 2006ರಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯ ಆವರಣದಲ್ಲಿ ತೆರೆದ ಉಪಶಾಮಕ ಆರೈಕೆಯ ಮನೆಗೆ ಅದು ಆಸರೆಯಾಗಿತ್ತು. 2020ರಲ್ಲಿ ತಂಡಕ್ಕೂ ಪ್ರತಿಷ್ಠಾನಕ್ಕೂ ಇದ್ದ ಒಪ್ಪಂದ ಮುಂದುವರಿಯಲಿಲ್ಲ. ತಂಡ ಅದೇ ವರ್ಷ ತನ್ನದೇ ಹೊಸ ಪ್ರತಿಷ್ಠಾನ ಕಟ್ಟಿಕೊಂಡಿತು. ಕ್ರೀಡಾಂಗಣ ಕೈತಪ್ಪಿದರೆ, ತಂಡದ ಹೆಸರು ಕೈತಪ್ಪಿದರೆ, ಅಲ್ಲಿ ಚೀಟಿ ಮಾರುವ ಅವಕಾಶವೂ ಕೈತಪ್ಪುತ್ತದೆ. ಹಣ ಕೊಟ್ಟವರು ಅಭಿಮಾನಿಗಳು. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮಂಡಳಿಯಲ್ಲಿ ಹಲವೆಡೆ ಕುಳಿತಿರುವವರು ತಂಡದ ಕಡೆಯವರು. ದೊಡ್ಡ ರಟ್ಟಿನ ಚೆಕ್ಕು ಹಿಡಿದು ಫೋಟೋಕ್ಕೆ ನಿಲ್ಲುವಾಗ ಅದರ ಮೇಲಿರುವುದೂ ತಂಡದ ಲಾಂಛನ. ಮಾಲೀಕರು ತಮ್ಮ ಜೇಬಿನಿಂದ ಕೊಟ್ಟದ್ದೆಷ್ಟು, ಜನ ಹತ್ತಿಪ್ಪತ್ತು ಡಾಲರಿನಂತೆ ಕೊಟ್ಟದ್ದೆಷ್ಟು ಎಂಬುದು ಆ ಫೋಟೋದಲ್ಲಿ ಕಾಣುವುದಿಲ್ಲ. ಈ ಬೆರಕೆ ನನಗೆ ಒಪ್ಪಿಗೆಯಾಗುವುದಿಲ್ಲ.

ಜನ ಕೊಟ್ಟ ಹಣವನ್ನು ಕಾನೂನು ದಾನವೆಂದು ಎಣಿಸುವುದೂ ಇಲ್ಲ. ರ‍್ಯಾಫಲ್ ಟಿಕೆಟ್ಟಿಗೆ ಕೆನಡಾದಲ್ಲಿ ದೇಣಿಗೆಯ ರಸೀದಿ ಸಿಗುವುದಿಲ್ಲ, ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಇಲ್ಲ. ಗೆಲ್ಲುವ ಅವಕಾಶವನ್ನು ಕೊಂಡಿದ್ದೀರಿ, ದಾನ ಮಾಡಿಲ್ಲ ಎಂಬುದು ಎರಡೂ ದೇಶಗಳ ತೆರಿಗೆ ಇಲಾಖೆಗಳ ನಿಲುವು. ಗೆದ್ದ ಮೇಲೆ ಮಾತ್ರ ದಾರಿ ಬೇರೆಯಾಗುತ್ತದೆ. ಕೆನಡಾದಲ್ಲಿ ಬಹುಮಾನದ ಹಣಕ್ಕೆ ತೆರಿಗೆ ಇಲ್ಲ. ಅಮೆರಿಕದಲ್ಲಿ ಅದು ಆದಾಯ, ಸರ್ಕಾರದ ಪಾಲು ತೆತ್ತೇ ಮನೆಗೆ ಒಯ್ಯಬೇಕು.

ಟಿಕೆಟ್ಟಿನ ಬೆಲೆ ಕಟ್ಟುವ ರೀತಿಯಲ್ಲೂ ಒಂದು ಅಸಮತೆ ಅಡಗಿದೆ. ಹೆಚ್ಚು ಹಣ ಕೊಟ್ಟರೆ ಸಂಖ್ಯೆಗಳು ಅಗ್ಗವಾಗುತ್ತ ಹೋಗುವುದು ವಾಡಿಕೆ. ಉದಾಹರಣೆಗೆ ಹತ್ತು ಡಾಲರಿಗೆ ಐದು ಸಂಖ್ಯೆ, ಐವತ್ತಕ್ಕೆ ನೂರು ಎಂದಿದ್ದರೆ, ಐದು ಪಟ್ಟು ಕೊಟ್ಟವರಿಗೆ ಇಪ್ಪತ್ತು ಪಟ್ಟು ಅವಕಾಶ ಸಿಕ್ಕಂತಾಯಿತು. ಮಕ್ಕಳನ್ನು ಕರೆತಂದು, ತಿಂಡಿಗೆ ಕೊಟ್ಟು ಉಳಿದ ಹತ್ತು ಡಾಲರನ್ನು ಚೀಟಿಗೆ ಹಾಕಿದ ಅಪ್ಪನ ಸಂಖ್ಯೆಗಳು ಪಕ್ಕದ ಕುರ್ಚಿಯವರ ಸಂಖ್ಯೆಗಳ ರಾಶಿಯಲ್ಲಿ ಮುಳುಗಿಹೋಗುತ್ತವೆ. ಗಂಟು ಬೇಗ ಬೆಳೆಯಲಿ ಎಂದು ಮಾಡಿದ ಏರ್ಪಾಡು ಇದು. ದೊಡ್ಡ ಗಂಟು ಇನ್ನಷ್ಟು ಕೊಳ್ಳುವವರನ್ನು ಸೆಳೆಯುತ್ತದೆ, ಧರ್ಮಕ್ಕೂ ಹೆಚ್ಚು ಸಿಗುತ್ತದೆ. ಹಾಗೆಂದು ಈ ಬೆಲೆಪಟ್ಟಿಯನ್ನು ನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ.

ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತುಹೋಯಿತು. ದಿನಗೂಲಿಯನ್ನು ಟಿಕೆಟ್ಟಿಗೆ ಸುರಿದು ಬೀದಿಗೆ ಬಿದ್ದ ಸಂಸಾರಗಳನ್ನು ಕಂಡವರಿಗೆ ಧರ್ಮದ ಹೆಸರಿನ ಲಾಟರಿ ಎಂದರೂ ಹುಬ್ಬು ಗಂಟಿಕ್ಕುವುದು ಸಹಜ. ಪಂದ್ಯದ ದಿನ ಕ್ರೀಡಾಂಗಣದ ಒಳಗಷ್ಟೇ ಮಾರುತ್ತಿದ್ದಾಗ ಈ ಆಟಕ್ಕೆ ಒಂದು ಮೇರೆ ಇತ್ತು. ಟಿಕೆಟ್ ಕೊಂಡು ಒಳಬಂದವರೇ ಚೀಟಿ ಕೊಳ್ಳಬೇಕಿತ್ತು, ಎರಡೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಆನ್‌ಲೈನ್ ಬಂದ ಮೇಲೆ ಆ ಗೋಡೆ ಇಲ್ಲ. ಆಲ್ಬರ್ಟಾದಲ್ಲಿ ಕೊಳ್ಳುವವರಿಗೆ 18 ವರ್ಷ ತುಂಬಿರಬೇಕು, ಕೊಳ್ಳುವ ಹೊತ್ತಿನಲ್ಲಿ ಅವರು ಆ ಪ್ರಾಂತ್ಯದ ಒಳಗೇ ಇರಬೇಕು. ಎಡ್ಮಂಟನ್ನಿನಲ್ಲಿರುವ ಮಗಳು ಮಾತಿನ ನಡುವೆ ಗಂಟಿನ ಸುದ್ದಿ ಹೇಳಿದರೂ ಬೆಂಗಳೂರಿನಲ್ಲಿ ಕುಳಿತ ಅಪ್ಪ ಅಮ್ಮ ಕೊಳ್ಳುವಂತಿಲ್ಲ. ಆದರೆ ಪ್ರಾಂತ್ಯದ ಒಳಗೆ ಮೂಲೆಯ ಊರಿನವರೂ ಕೊಳ್ಳಬಹುದು. ಅಂಥ ಊರಿನ ರಿಂಕಿನ ಸಣ್ಣ ಫಿಫ್ಟಿ-ಫಿಫ್ಟಿಗೆ ಬೀಳಬೇಕಾದ ಹತ್ತು ಡಾಲರ್ ನಗರದ ದೊಡ್ಡ ಗಂಟಿಗೆ ಹೋದರೆ, ಆ ಊರಿನ ಮಕ್ಕಳ ಸ್ಕೇಟು, ಹೆಲ್ಮೆಟ್ಟುಗಳಿಗೆ ಎಲ್ಲಿಂದ ತರಬೇಕು? ದೊಡ್ಡ ಪ್ರತಿಷ್ಠಾನಗಳು ಹಂಚುವಾಗ ದೂರದ ಊರುಗಳನ್ನೂ ಲೆಕ್ಕಕ್ಕೆ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಅವರು ತೀರಿಸಬೇಕಾದ ಋಣ.

ಲೆಕ್ಕ ಕೇಳಲು ದಾರಿ ಇದೆ. ಕೆನಡಾದ ಪ್ರತಿ ನೋಂದಾಯಿತ ದತ್ತಿ ಸಂಸ್ಥೆ ವರ್ಷಕ್ಕೊಮ್ಮೆ ಕಂದಾಯ ಸಂಸ್ಥೆಗೆ ಟಿ3010 ಎಂಬ ನಮೂನೆ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ತೆರೆದು ಓದಬಹುದು. ಅಮೆರಿಕದ ಸಂಸ್ಥೆಗಳದು 990 ನಮೂನೆ, ಜೂಜಿನಿಂದ ಬಂದ ಆದಾಯ ನಿಗದಿತ ಮಿತಿ ಮೀರಿದರೆ ಅದರ ವಿವರಕ್ಕೆ ಪ್ರತ್ಯೇಕ ಅನುಬಂಧವೇ ಇದೆ. ಎಷ್ಟು ಬಂತು, ಬಹುಮಾನಕ್ಕೆ ಎಷ್ಟು, ಖರ್ಚಿಗೆ ಎಷ್ಟು ಎಂಬುದು ಅಲ್ಲಿ ಸಿಗುತ್ತದೆ. ಆದರೆ ಅದು ವರ್ಷದ ಲೆಕ್ಕ, ಪಂದ್ಯ ಮುಗಿದು ಎಷ್ಟೋ ತಿಂಗಳ ಮೇಲೆ ಬರುವುದು.

ಗಂಟು ಬೆಳೆಯುವುದನ್ನು ಸೆಕೆಂಡಿಗೊಮ್ಮೆ ತೋರಿಸಬಲ್ಲ ಪರದೆ ಕ್ರೀಡಾಂಗಣದ ನಡುವೆಯೇ ತೂಗುತ್ತಿದೆ. ಮಾರಾಟದ ಯಂತ್ರದೊಳಗೆ ಪ್ರತಿ ಚೀಟಿಯ ಲೆಕ್ಕವೂ ಇದೆ. ಗೆದ್ದ ಸಂಖ್ಯೆ ತೋರಿಸಿದ ಮೇಲೆ ಅದೇ ಪರದೆಯಲ್ಲಿ ಇನ್ನು ಮೂರು ಸಾಲು ಬರಲಿ: ಹಿಂದಿನ ಪಂದ್ಯದ ಗಂಟಿನಲ್ಲಿ ಖರ್ಚಿಗೆ ಹೋದದ್ದು ಇಷ್ಟು, ಪ್ರತಿಷ್ಠಾನ ಇಟ್ಟುಕೊಂಡದ್ದು ಇಷ್ಟು, ಇಂಥ ಊರಿನ ಇಂಥ ಸಂಸ್ಥೆಯ ಕೈಸೇರಿದ್ದು ಇಷ್ಟು. ಪರವಾನಗಿ ಕೊಡುವ ಪ್ರಾಂತ್ಯಗಳು, ರಾಜ್ಯಗಳು ಇದನ್ನೊಂದು ಷರತ್ತಾಗಿ ಬರೆಯಲು ಹೊಸ ಕಾನೂನಿನ ಅಗತ್ಯವೂ ಬಹುಶಃ ಬೀಳಲಾರದು.