ಹುಳವಿಲ್ಲದ ಕೆರೆ ಶುದ್ಧ ಕೆರೆಯಲ್ಲ

ಸೊರಬ, ಶಿಕಾರಿಪುರ ಕೆರೆಗಳ ಸೀಮೆ. ವರದಾ, ದಂಡಾವತಿ, ಕುಮುದ್ವತಿ ನದಿಗಳು ಹರಿದರೂ ಊರೂರಿನ ಗದ್ದೆ ತೋಟಗಳು ಕೆರೆಯ ತೂಬನ್ನೇ ನಂಬಿವೆ. ನೀರಿನ ಜೊತೆ ಇಷ್ಟು ಒಡನಾಟವಿರುವ ಕಡೆಯೂ ಒಂದು ನಂಬಿಕೆ ಅಲ್ಲಾಡದೆ ಕೂತಿದೆ: ನೀರಿನಲ್ಲಿ ಹುಳ ಕಂಡರೆ ನೀರು ಕೆಟ್ಟಿದೆ, ಹುಳವಿಲ್ಲದೆ ತಿಳಿಯಾಗಿದ್ದರೆ ಶುದ್ಧವಾಗಿದೆ. ನೀರಿನ ಕೀಟಗಳ ಬಗ್ಗೆ ಬೇರೆ ತಪ್ಪು ಮಾತುಗಳೂ ಇವೆ. ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ) ಕುಟುಕುತ್ತದೆ ಎನ್ನುವವರಿದ್ದಾರೆ. ಅದಕ್ಕೆ ವಿಷದ ಕೊಂಡಿಯೇ ಇಲ್ಲ. ಅದು ಒಂದೇ ದಿನ ಬದುಕುತ್ತದೆ ಎನ್ನುವವರೂ ಇದ್ದಾರೆ. ಆ ಅಲ್ಪಾಯುಷ್ಯ ಮೇಫ್ಲೈ ಎಂಬ ಬೇರೆ ಕೀಟದ್ದು, ಅದೂ ರೆಕ್ಕೆ ಬಂದ ಮೇಲಿನದು. ಇಂಥ ಮಾತುಗಳಿಂದ ಯಾರಿಗೂ ನಷ್ಟವಿಲ್ಲ. ಮೊದಲನೆಯ ನಂಬಿಕೆಯಿಂದ ಮಾತ್ರ ಕೆರೆಗೇ ಕೇಡು.

ಹುಳ ಎಂದು ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುವ ಜೀವಿಗಳ ಉಸಿರಾಟವನ್ನು ಗಮನಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಸೊಳ್ಳೆಯ ಮರಿ ಬಾಲದ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಆದ್ದರಿಂದ ಆಮ್ಲಜನಕ ಸತ್ತ ಚರಂಡಿಯೂ ಅದಕ್ಕೆ ಸಾಕು. ಕೆಸರಿನ ಕೆಂಪು ಹುಳದ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇದೆ, ಅದೂ ಹೇಗೋ ನಿಭಾಯಿಸುತ್ತದೆ. ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳಿಗೆ ಆ ಅನುಕೂಲವಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಅವು ಹೀರಬೇಕು. ಅದು ಕಡಿಮೆಯಾದರೆ ಸಾಯುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಯೂ ಗುದದೊಳಗಿನ ಕಿವಿರುಗಳಿಂದ ನೀರಿನಲ್ಲೇ ಉಸಿರಾಡುತ್ತ, ಜಾತಿಗೆ ತಕ್ಕಂತೆ ವಾರಗಟ್ಟಲೆಯಿಂದ ವರ್ಷಗಟ್ಟಲೆ ಅಲ್ಲೇ ಬೆಳೆಯುತ್ತದೆ. ಹಾಗಾಗಿ ಹುಳ ಇದೆಯೇ ಇಲ್ಲವೇ ಎಂದು ಕೇಳಿದರೆ ಏನೂ ತಿಳಿಯದು, ಯಾವ ಹುಳ ಎಂದು ಕೇಳಬೇಕು. ಬ್ರಿಟನ್ನಿನಲ್ಲಿ 1980ರ ಹೊತ್ತಿಗೆ ಬಳಕೆಗೆ ಬಂದ ಅಂಕಪದ್ಧತಿ ಕಲ್ಲಿಗೆ ಅಂಟಿ ಬದುಕುವ ಚಪ್ಪಟೆ ಮೇಫ್ಲೈ ಮರಿಗಳಿಗೆ 10 ಅಂಕ ಕೊಡುತ್ತದೆ, ಕೆಂಪು ಹುಳದ ಕುಟುಂಬಕ್ಕೆ 2. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡವೂ ಇದೇ ತತ್ವದ ಮೇಲೆ ನಿಂತಿದೆ.

ಹಿರಿಯರ ಭಯಕ್ಕೆ ಕಾರಣವಿರಲಿಲ್ಲವೇ ಎಂದು ಕೇಳಬಹುದು. ಇತ್ತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಕಾಡಿದ ನಾರುಹುಣ್ಣು ಕುಡಿಯುವ ನೀರಿನಿಂದಲೇ ಬರುತ್ತಿತ್ತು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದದ್ದು ಸರಿಯಾದ ಬುದ್ಧಿ. ಆದರೆ ಆ ರೋಗವನ್ನು ಹೊತ್ತದ್ದು ಕೀಟವಲ್ಲ, ಸಿಗಡಿಯ ದೂರದ ಬಂಧುವಾದ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಜೀವಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ರೋಗ ಹೋದರೂ ಕಾಣುವ ಜೀವಿಗಳೆಲ್ಲದರ ಮೇಲಿನ ಸಂಶಯ ಮಾತ್ರ ಉಳಿದುಕೊಂಡಿತು. ಭೇದಿ ತರುವ ರೋಗಾಣು ಕಣ್ಣಿಗೇ ಬೀಳುವುದಿಲ್ಲ. ಮೇಫ್ಲೈ ಇರುವ ತೊರೆಯ ನೀರನ್ನೂ ಕುದಿಸಿಯೇ ಕುಡಿಯಬೇಕು. ಹುಳಗಳು ಹೇಳುವುದು ಕೆರೆ, ಹೊಳೆಯ ಆರೋಗ್ಯವನ್ನು. ಕುಡಿಯುವ ನೀರಿನ ಪರೀಕ್ಷೆ ಪ್ರಯೋಗಾಲಯದ ಕೆಲಸ. ಎರಡನ್ನೂ ಕಲಸಿದ್ದೇ ಈ ಎಲ್ಲ ಗೊಂದಲದ ಮೂಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ರೆಕ್ಕೆಯಿರುವ ಕೀಟ ಎಲ್ಲಿಂದಲೋ ಹಾರಿಬಂದಿರಬಹುದು, ಅದು ಈ ಕೆರೆಗೆ ಸಾಕ್ಷಿಯಾಗುವುದು ಹೇಗೆ? ಮಾತು ನಿಜ. ಮಳೆಗಾಲ ಮುಗಿಯುವಾಗ ಗದ್ದೆಗಳ ಮೇಲೆ ಹಿಂಡುಹಿಂಡಾಗಿ ಕಾಣುವ ಪಾಂಟಾಲಾ ಫ್ಲೇವೆಸೆನ್ಸ್ ಎಂಬ ಏರೋಪ್ಲೇನ್ ಚಿಟ್ಟೆ ಸಾಗರ ದಾಟುವ ಕೀಟ. ಅದು ಭಾರತದಿಂದ ಮಾಲ್ಡೀವ್ಸ್ ಮೂಲಕ ಆಫ್ರಿಕದತ್ತ ಸಾಗುತ್ತದೆಂದು ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ವಾದಿಸಿದರು. ಆದ್ದರಿಂದಲೇ ಅಧ್ಯಯನಕಾರರು ಹಾರುವುದನ್ನು ಎಣಿಸಿ ಸುಮ್ಮನಾಗುವುದಿಲ್ಲ. ಬಿಸಿಲಿರುವ ಹೊತ್ತಿನಲ್ಲಿ ಏರಿಯ ಉದ್ದಕ್ಕೂ ಗೊತ್ತಾದ ದೂರ ನಡೆದು ಜಾತಿಗಳನ್ನು ಬರೆದುಕೊಂಡ ಮೇಲೆ ಜೊಂಡಿನ ಕಡ್ಡಿಗಳಲ್ಲಿ ಕಳಚಿಬಿಟ್ಟ ಪೊರೆ ಹುಡುಕುತ್ತಾರೆ. ಪೊರೆ ಸಿಕ್ಕಿತೆಂದರೆ ಆ ಕೀಟ ಅಲ್ಲೇ ಬೆಳೆದದ್ದು ಖಚಿತ. ಹರಿಯುವ ಹಳ್ಳದಲ್ಲಿ ಬಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಂದದ್ದನ್ನು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಜಾತಿ ಗುರುತಿಸುವುದಕ್ಕೆ ಎಫ್‌.ಸಿ. ಫ್ರೇಸರ್ 1933ರಿಂದ 1936ರವರೆಗೆ ಹೊರತಂದ ಮೂರು ಸಂಪುಟಗಳು ಇಂದಿಗೂ ಆಧಾರ. ಗುರುತು ಯಾಕೆ ಮುಖ್ಯವೆಂದರೆ, ಬ್ರಾಕಿಥೆಮಿಸ್ ಕಂಟಾಮಿನೇಟಾ ಎಂಬ ಕಿತ್ತಳೆ ಬಣ್ಣದ ಏರೋಪ್ಲೇನ್ ಚಿಟ್ಟೆ ಕೊಳಚೆ ನೀರಿನಲ್ಲೂ ಹುಲುಸಾಗಿ ಬೆಳೆಯುತ್ತದೆ. ಏರೋಪ್ಲೇನ್ ಚಿಟ್ಟೆ ಇದ್ದರೆ ನೀರು ಶುದ್ಧ ಎಂಬುದು ಹಳೆಯ ತಪ್ಪನ್ನೇ ತಿರುವಿಹಾಕಿದ ಹೊಸ ತಪ್ಪು, ಅಷ್ಟೆ.

ನಿಜವಾಗಿ ಹೆದರಬೇಕಾದದ್ದು ಏನೂ ಅಲುಗಾಡದ ತಿಳಿನೀರಿಗೆ. ಗದ್ದೆ, ಜೋಳದ ಹೊಲಗಳಿಂದ ಇಳಿದು ಬರುವ ಕೀಟನಾಶಕಕ್ಕೆ ಬಣ್ಣವಿಲ್ಲ. ಜಪಾನಿನ ಭತ್ತದ ಗದ್ದೆಗಳಲ್ಲಿ ಸಸಿಮಡಿಗೆ ಹಾಕಿದ ಫಿಪ್ರೊನಿಲ್‌ನಂಥ ವಿಷಕ್ಕೂ ಅಲ್ಲಿನ ಕೆಂಪು ಏರೋಪ್ಲೇನ್ ಚಿಟ್ಟೆಗಳ ಇಳಿಕೆಗೂ ಇರುವ ನಂಟನ್ನು ಸಂಶೋಧಕರು ತೋರಿಸಿದ್ದಾರೆ. ಸೊಳ್ಳೆ ಹತೋಟಿಗೆ ಬಿಡುವ ಅಮೆರಿಕ ಮೂಲದ ಗಾಂಬೂಸಿಯಾ ಮೀನು ಸೊಳ್ಳೆಮರಿಯನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಯನ್ನೂ ತಿಂದುಹಾಕುತ್ತದೆ. ಪ್ರಶ್ನೆ ಕೇಳದೆ ಕಣ್ಣಿನ ತೀರ್ಪನ್ನು ಒಪ್ಪುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ: ಹೊಳೆಯುವ ಹಣ್ಣು ತಾಜಾ, ಚುಕ್ಕೆಯಿಲ್ಲದ ಬದನೆ ಶ್ರೇಷ್ಠ, ಹುಳವಿಲ್ಲದ ಕೆರೆ ಪವಿತ್ರ. ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿಯಲು ಹೊರಟವರು ಮೊದಲು ಒಂದು ಬಿಳಿ ತಟ್ಟೆಯಲ್ಲಿ ಅದರ ನೀರು ಹಿಡಿದು, ಅಲ್ಲಿರುವುದು ಯಾವ ಹುಳವೆಂದು ತಿಳಿದವರಿಗೆ ತೋರಿಸಲಿ.